ಕಿವಿ ಕೇಳದ ಮಗುವನ್ನು ಬೆಳೆಸುವಾಗ ನಾವು ಎಡವಿದ್ದೆಲ್ಲಿ, ಕಲಿತದ್ದೇನು

ಅರಕಲಗೂಡಿನ ತಾಯಿ:

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಹುಟ್ಟಿನಿಂದಲೇ ಅವಳ ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷವಿದೆ. ಕಳೆದ ತಿಂಗಳು ನಮ್ಮೂರಿನ ಅಂಗನವಾಡಿಯಲ್ಲಿ ಎರಡು ವರ್ಷದ ಗಂಡುಮಗುವೊಂದನ್ನು ಕಂಡೆ. ಹಿಂದಿನಿಂದ ಎಷ್ಟು ಕೂಗಿದರೂ ಅದು ತಿರುಗಿ ನೋಡುತ್ತಿರಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ, “ಗಂಡುಮಕ್ಕಳಿಗೆ ಮಾತು ತಡ ಕಣವ್ವ, ಬತ್ತದೆ ಬಿಡು” ಎಂದರು. ಏಳು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೂ ಇಂಥದೇ ಮಾತು ಕೇಳಿಬಂದಿತ್ತು. ಆ ಮಗುವಿನ ತಾಯಿಯನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಇಂಥ ಮಕ್ಕಳನ್ನು ಬೆಳೆಸಿದವರು ತಮ್ಮ ಅನುಭವವನ್ನೂ ಸೇರಿಸಬೇಕೆಂದು ಕೋರುತ್ತೇನೆ.

ಮಗಳು ಎಂಟು ತಿಂಗಳಿನವಳಿದ್ದಾಗ ದೀಪಾವಳಿ ಬಂತು. ಅಂಗಳದಲ್ಲಿ ಪಟಾಕಿ ಸಿಡಿಯುತ್ತಿದ್ದರೂ ಅವಳು ತೊಟ್ಟಿಲಲ್ಲಿ ಅಲುಗದೆ ಮಲಗಿದ್ದಳು. “ಎಂಥ ಧೈರ್ಯದ ಮಗು” ಎಂದು ನೆಂಟರೆಲ್ಲ ಹೊಗಳಿದರು, ನಾನೂ ಹಿಗ್ಗಿದೆ. ಕುಕ್ಕರ್ ಕೂಗಿದರೂ ಬೆಚ್ಚುತ್ತಿರಲಿಲ್ಲ. ಆದರೆ ಬಾಗಿಲನ್ನು ರಪ್ಪೆಂದು ಹಾಕಿದರೆ ತಿರುಗುತ್ತಿದ್ದಳು, ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರೂ ಒಮ್ಮೊಮ್ಮೆ ನೋಡುತ್ತಿದ್ದಳು. ಅಷ್ಟನ್ನೇ ಹಿಡಿದುಕೊಂಡು ಕಿವಿ ಸರಿಯಾಗಿದೆ ಎಂದು ನಂಬಿಬಿಟ್ಟೆವು. ಬಾಗಿಲಿನ ಅದುರು ನೆಲದಿಂದ ಅವಳ ಮೈಗೆ ತಾಗುತ್ತಿತ್ತು, ಚಪ್ಪಾಳೆ ತಟ್ಟುವ ಕೈಯ ನೆರಳು ಎದುರಿನ ಗೋಡೆಯ ಮೇಲೆ ಆಡುತ್ತಿತ್ತು ಎಂಬುದು ತಿಳಿಯುವ ಹೊತ್ತಿಗೆ ಬಹಳ ಕಾಲ ಕಳೆದಿತ್ತು. ಅವಳು ಮೊದಮೊದಲು ಬೇರೆ ಮಕ್ಕಳಂತೆಯೇ ತೊದಲಿದ್ದೂ ನಮ್ಮ ದಾರಿ ತಪ್ಪಿಸಿತು. ಕೇಳಿಸದ ಮಕ್ಕಳೂ ಮೊದಲ ಕೆಲವು ತಿಂಗಳು ತೊದಲುತ್ತವೆ. ತಮ್ಮ ದನಿ ತಮಗೆ ಕೇಳಿಸದಿರುವುದರಿಂದ ಅದು ಬೆಳೆದು ಮಾತಾಗುವುದಿಲ್ಲ.

ಅತ್ತೆಯವರು ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ಅವರ ಮಗನೂ ಮೂರು ವರ್ಷಕ್ಕೇ ಬಾಯಿ ಬಿಟ್ಟದ್ದಂತೆ. ನಾವು ತೋರಿಸಿದ ವೈದ್ಯರೊಬ್ಬರು ಕೂಡ “ಇನ್ನೊಂದು ವರ್ಷ ನೋಡೋಣ” ಎಂದು ಕಳುಹಿಸಿದರು. ಮಗು ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಆರಂಭವಾಗಬೇಕು ಎಂಬುದು ಈ ಕ್ಷೇತ್ರದವರೆಲ್ಲ ಒಪ್ಪಿದ ಲೆಕ್ಕ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನನ್ನ ಮಗಳಿಗೆ ಬೇರಾ ಎಂಬ, ಸದ್ದು ಕಿವಿಯಿಂದ ಮೆದುಳಿನ ಬುಡದವರೆಗೆ ತಲುಪುತ್ತಿದೆಯೇ ಎಂದು ನೋಡುವ ಪರೀಕ್ಷೆ ನಡೆದಾಗ ಅವಳಿಗೆ ಎರಡು ವರ್ಷ ಎರಡು ತಿಂಗಳು ತುಂಬಿತ್ತು.

ತಡವಾದದ್ದು ಒಂದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ನಡೆದದ್ದು ಅದರ ನಂತರ, ಮತ್ತು ಅದು ಸಂಪೂರ್ಣವಾಗಿ ನಮ್ಮದೇ. ಪರೀಕ್ಷೆಯ ಫಲಿತಾಂಶ ಹಿಡಿದು ಊರಿಗೆ ಮರಳಿದ ದಿನದಿಂದ ನಾವು ಮಗುವಿನೊಂದಿಗೆ ಮಾತನಾಡುವುದನ್ನೇ ನಿಲ್ಲಿಸಿದೆವು. ಹಾಗೆಂದು ಯಾರೂ ತೀರ್ಮಾನಿಸಿರಲಿಲ್ಲ, ತಾನಾಗಿಯೇ ನಿಂತುಹೋಯಿತು. ನಾನು ಜೋಗುಳ ಹಾಡುವುದನ್ನು ಬಿಟ್ಟೆ. ಊಟಕ್ಕೆ ಕರೆಯುವ ಬದಲು ಕೈ ಹಿಡಿದು ಎಳೆದುಕೊಂಡು ಹೋಗಿ ಕೂರಿಸುತ್ತಿದ್ದೆ. ಅತ್ತೆಯವರು ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಣ್ಣೀರು ಒರೆಸಿಕೊಳ್ಳುತ್ತಿದ್ದರೇ ಹೊರತು ಕತೆ ಹೇಳುತ್ತಿರಲಿಲ್ಲ. ಒಂದು ತಿಂಗಳ ಬಳಿಕ ಶ್ರವಣ ಸಾಧನಕ್ಕಾಗಿ ಮತ್ತೆ ಮೈಸೂರಿಗೆ ಹೋದಾಗ ಅಲ್ಲಿನ ವಾಕ್ ಚಿಕಿತ್ಸಕಿಯೊಬ್ಬರು, “ನಿನ್ನೆ ಇಡೀ ದಿನ ಮಗಳ ಜೊತೆ ಏನೇನು ಮಾತಾಡಿದಿರಿ, ನೆನಪು ಮಾಡಿಕೊಂಡು ಹೇಳಿ” ಎಂದು ಕೇಳಿದರು. ನನಗೆ ಒಂದು ವಾಕ್ಯವೂ ನೆನಪಾಗಲಿಲ್ಲ. ಜೊತೆಯಲ್ಲಿದ್ದ ಐದು ವರ್ಷದ ಮಗ ಮಾತ್ರ, “ನಾನು ಮಾತಾಡ್ದೆ. ಕೆಂಚಿ ಕರು ಹಾಕೈತೆ ಅಂತ ಹೇಳ್ದೆ” ಎಂದ. ತಂಗಿಗೆ ಕಿವಿ ಕೇಳುವುದಿಲ್ಲವೆಂದು ಅವನಿಗೆ ಯಾರೂ ತಿಳಿಸಿಹೇಳಿರಲಿಲ್ಲ. ಹಾಗಾಗಿ ಮನೆಯಲ್ಲಿ ಅವನೊಬ್ಬನೇ ಅವಳೊಂದಿಗೆ ಎಂದಿನಂತೆ ಹರಟುತ್ತಿದ್ದ.

ಅಲ್ಲಿಂದ ನಮ್ಮ ದಾರಿ ಬದಲಾಯಿತು. ಎರಡು ವರ್ಷ ಮೈಸೂರಿನಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ನಾನೂ ಮಗಳೂ ಇದ್ದೆವು. ಯಜಮಾನರು ಶುಂಠಿ, ಆಲೂಗೆಡ್ಡೆ ಬೇಸಾಯ ನೋಡಿಕೊಂಡು ಮಗನೊಂದಿಗೆ ಊರಿನಲ್ಲಿ ಉಳಿದರು. ಆ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರೂ ಮಕ್ಕಳ ಪಕ್ಕದಲ್ಲಿ ಕುಳಿತು ಪಾಠ ಮಾಡಬೇಕು. ನನ್ನಂತೆಯೇ ಹಳ್ಳಿಗಳಿಂದ ಬಂದ ಹೆಂಗಸರು ಅಲ್ಲಿ ಬಹಳ ಮಂದಿಯಿದ್ದರು. ಮೊದಲ ತಿಂಗಳು ಮಗಳು ಕಿವಿಯ ಮಿಷನ್ ಕಿತ್ತೆಸೆಯುತ್ತಿದ್ದಳು. ರಜೆಗೆ ಊರಿಗೆ ಬಂದಾಗ ಒಂದನ್ನು ಕಲಗಚ್ಚಿನ ಬಾನಿಗೆ ಹಾಕಿದ್ದಳು. ಆಮೇಲೆ ದಾರ ಕಟ್ಟಿ ಅಂಗಿಯ ಕೊರಳಪಟ್ಟಿಗೆ ಸಿಕ್ಕಿಸುವುದನ್ನು ಕಲಿತೆ. ಮಗು ಬೆಳೆದಂತೆ, ಕಿವಿಯ ಅಳತೆಗೆ ಮಾಡಿಸಿ ಮಿಷನ್ನಿಗೆ ಜೋಡಿಸಿದ ಅಚ್ಚು ಸಡಿಲವಾಗಿ ಕುಯ್ ಎಂದು ಸದ್ದು ಬರುತ್ತದೆ. ಚಿಕ್ಕ ಮಕ್ಕಳಿಗೆ ಕೆಲವು ತಿಂಗಳಿಗೊಮ್ಮೆ ಹೊಸ ಅಚ್ಚು ಮಾಡಿಸಬೇಕಾಗುತ್ತದೆ. ಮಳೆಗಾಲದಲ್ಲಿ ಸಾಧನವನ್ನು ರಾತ್ರಿ ತೇವ ಹೀರುವ ಹರಳುಗಳಿರುವ ಡಬ್ಬಿಯಲ್ಲಿ ಇಡದಿದ್ದರೆ ಬೇಗ ಕೆಡುತ್ತದೆ.

ಪ್ರತಿದಿನ ಬೆಳಿಗ್ಗೆ ಅವಳ ಬೆನ್ನ ಹಿಂದೆ ಕುಳಿತು ಆರು ಸದ್ದುಗಳನ್ನು ಮಾಡುತ್ತೇನೆ: ಆ, ಊ, ಈ, ಶ್, ಸ್, ಮ್. ಕೇಳಿಸಿದಾಗಲೆಲ್ಲ ಅವಳು ಒಂದು ಹುಣಸೆ ಬೀಜವನ್ನು ಬಟ್ಟಲಿಗೆ ಹಾಕಬೇಕು. ಒಂದು ಬೀಜ ಕಡಿಮೆ ಬಿತ್ತೆಂದರೆ ಸೆಲ್ ಮುಗಿದಿದೆಯೋ, ಅಚ್ಚಿನಲ್ಲಿ ಗುಗ್ಗೆ ಕಟ್ಟಿಕೊಂಡಿದೆಯೋ ಎಂದು ನೋಡುತ್ತೇನೆ. ಈಗ ಅವಳೇ ಆ ಬಟ್ಟಲನ್ನು ತಂದಿಟ್ಟುಕೊಂಡು ನನ್ನನ್ನು ಕರೆಯುತ್ತಾಳೆ.

ಉಳಿದದ್ದೆಲ್ಲ ಅಡುಗೆಮನೆಯ ಪಾಠ. ರೊಟ್ಟಿ ಮಾಡುವಾಗ ಹಿಟ್ಟು ತೆಗೆದದ್ದು, ನೀರು ಹಾಕಿದ್ದು, ಕೈಗೆ ಅಂಟಿಕೊಂಡದ್ದು, ಕಾವಲಿ ಕಾದದ್ದು ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಲೇ ಇದ್ದೆ. ಒಂಬತ್ತು ತಿಂಗಳು ಹೇಳಿದೆ. ಉತ್ತರ ಬರಲಿಲ್ಲ. ಒಂದು ಸಂಜೆ ಎರಡನೆಯ ರೊಟ್ಟಿಯನ್ನು ತಟ್ಟೆಗೆ ಹಾಕಲು ಹೋದಾಗ ಅವಳು ನನ್ನ ಕೈಯನ್ನು ಸರಿಸಿ “ಬೇಡ” ಎಂದಳು. ದ ಮತ್ತು ಡ ನಡುವಿನ ಒಂದು ಸದ್ದು ಅದು, ಆದರೆ ಮಾತೇ. ಅಮ್ಮ ಎನ್ನುವ ಮಾತಿಗೆ ಕಾದು ಕುಳಿತಿದ್ದವಳು ನಾನು. ಆ ಬೇಡ ಎಂಬ ಮಾತು ತಂದ ಸಂತೋಷವನ್ನು ಇಂದಿಗೂ ತೂಕ ಮಾಡಲಾರೆ. ಅದೇ ರಾತ್ರಿ ಯಜಮಾನರಿಗೆ ಫೋನು ಮಾಡಿದೆ. ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ವಾಕ್ ಚಿಕಿತ್ಸಕಿ, ಮೈಸೂರು:

ಈ ತಾಯಿ ಬರೆದಿರುವ ಮೌನ ಬಹುತೇಕ ಎಲ್ಲ ಮನೆಗಳಲ್ಲಿಯೂ ಕವಿಯುತ್ತದೆ. ವಾರಕ್ಕೆ ಒಂದೆರಡು ಗಂಟೆ ನಮ್ಮ ಬಳಿ ಬರುವ ಮಗು ಉಳಿದ ಹೊತ್ತನ್ನೆಲ್ಲ ಮನೆಯಲ್ಲಿ ಕಳೆಯುತ್ತದೆ. ಆ ಹೊತ್ತು ಮೌನವಾಗಿದ್ದರೆ ನಾವು ಮಾಡುವ ಕೆಲಸ ನೀರಿನಲ್ಲಿ ಹೋಮ ಮಾಡಿದಂತೆ. ನನ್ನ ಅನುಭವದಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ತುಟಿಯ ಚಲನೆಯನ್ನು ನೋಡಿ ಮಗು ಎಲ್ಲವನ್ನೂ ತಿಳಿದುಕೊಳ್ಳುತ್ತದೆ ಎಂಬ ನಂಬಿಕೆ ತಪ್ಪು. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಬಗೆಯಲ್ಲಿ ಕಾಣುತ್ತವೆ. ಕನ್ನಡಿಯ ಮುಂದೆ ದನಿಯಿಲ್ಲದೆ ಪಾಪು, ಬಾಬು, ಮಾಮು ಎಂದು ಹೇಳಿ ನೋಡಿದರೆ ನಿಮಗೇ ತಿಳಿಯುತ್ತದೆ. ಕ, ಗ ಅಂತೂ ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಹೊರಗೆ ಕಾಣುವುದೇ ಇಲ್ಲ. ಇನ್ನು ಸ, ಶ ಮುಂತಾದ ಸದ್ದುಗಳು ತೆಳುವಾಗಿದ್ದು ಎತ್ತರದ ಶ್ರುತಿಯವಾದ್ದರಿಂದ ಅನೇಕ ಮಕ್ಕಳಿಗೆ ಸಾಧನ ಹಾಕಿದಾಗಲೂ ಸರಿಯಾಗಿ ತಲುಪುವುದಿಲ್ಲ.

ಕನ್ನಡದಲ್ಲಿ ಮತ್ತೊಂದು ತೊಡಕಿದೆ. ನಮ್ಮ ಭಾಷೆಯ ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲವೂ ಪದದ ಕೊನೆಯಲ್ಲಿ ಸೇರುತ್ತವೆ, ಮತ್ತು ಮಾತಿನಲ್ಲಿ ನಮ್ಮ ದನಿ ಇಳಿಯುವುದೂ ಅಲ್ಲಿಯೇ. ಮಗುವಿಗೆ ಅಂಗಡಿ ಕೇಳಿಸುತ್ತದೆ, ಗೆ ಕೇಳಿಸುವುದಿಲ್ಲ. ಹೋಗು ತಿಳಿಯುತ್ತದೆ, ಹೋದಳು, ಹೋದರು ಎಂಬವುಗಳ ವ್ಯತ್ಯಾಸ ಕೈಗೆ ಸಿಗುವುದಿಲ್ಲ. ಹೀಗಾಗಿಯೇ ಈ ಮಕ್ಕಳು “ಅಮ್ಮ ಅಂಗಡಿ ಹೋಗು” ಎನ್ನುತ್ತಾರೆ. ಇದು ದಡ್ಡತನವಲ್ಲ. ಪದದ ಕೊನೆಯನ್ನು ನುಂಗದೆ, ಹಾಗೆಂದು ಎಳೆದು ಕಿರುಚದೆ, ಹತ್ತಿರ ಕುಳಿತು ಸಹಜ ದನಿಯಲ್ಲಿ ಪೂರ್ತಿ ವಾಕ್ಯಗಳನ್ನು ಹೇಳಿ. ಟಿವಿ ಮತ್ತು ಮಿಕ್ಸಿ ನಿಲ್ಲಿಸಿದ ಮೇಲೆ ಹೇಳಿ. ನಿಮ್ಮ ಮುಖದ ಮೇಲೆ ಬೆಳಕಿರಲಿ. ಕಿಟಕಿಗೆ ಬೆನ್ನು ಹಾಕಿ ನಿಂತರೆ ಮಗುವಿಗೆ ಕಾಣುವುದು ಕಪ್ಪು ಆಕೃತಿ ಮಾತ್ರ.

ಎಲ್ಲ ಮಕ್ಕಳಿಗೂ ಶ್ರವಣ ಸಾಧನ ಸಾಲದು. ಅತಿ ತೀವ್ರ ದೋಷವಿರುವವರಿಗೆ ಒಳಗಿವಿಯಲ್ಲಿ ಯಂತ್ರ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯ ಸಲಹೆ ನೀಡುತ್ತಾರೆ. ಅಂಗವಿಕಲರಿಗೆ ಸಾಧನ ಸಲಕರಣೆ ಒದಗಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಅದಕ್ಕೆ ನೆರವಿದೆ, ಆದರೆ ವಯಸ್ಸಿನ ಮಿತಿಯೂ ಇದೆ. ತಡಮಾಡಬಾರದೆನ್ನುವುದಕ್ಕೆ ಇದೂ ಒಂದು ಕಾರಣ. ಶಸ್ತ್ರಚಿಕಿತ್ಸೆಯಾದ ಕೂಡಲೇ ಮಗು ಮಾತನಾಡುತ್ತದೆ ಎಂದುಕೊಂಡು ಬಂದು, ನಂತರ ತರಬೇತಿಯನ್ನು ಬಿಟ್ಟ ಕುಟುಂಬಗಳನ್ನು ಕಂಡಿದ್ದೇನೆ. ಒಳಗಿನ ಯಂತ್ರ ಸದ್ದನ್ನು ಮುಟ್ಟಿಸುತ್ತದೆ, ಅಷ್ಟೇ. ಆ ಸದ್ದಿಗೆ ಅರ್ಥ ಕೂಡುವುದು ವರ್ಷಗಟ್ಟಲೆ ನಡೆಯುವ ಮಾತುಕತೆಯಿಂದ.

ಶಿರಸಿ ಕಡೆಯ ಅಜ್ಜ:

ನಾನು ಒಪ್ಪಿಕೊಳ್ಳಬೇಕಾದ ಸಂಗತಿಯೊಂದಿದೆ. ನನ್ನ ಮೊಮ್ಮಗನಿಗೆ ಕಿವಿ ಕೇಳುವುದಿಲ್ಲವೆಂದು ತಿಳಿದಾಗ ನಮ್ಮ ಮನೆಯವರೆಲ್ಲ ಸೇರಿ ಸೊಸೆಯನ್ನು ದೂರಿದೆವು. ಬಸುರಿಯಲ್ಲಿ ಗ್ರಹಣದ ಹೊತ್ತು ಹೊರಗೆ ಹೋಗಿದ್ದಳು ಎಂದು ಒಬ್ಬರು, ಹರಕೆ ತೀರಿಸಲಿಲ್ಲವೆಂದು ಇನ್ನೊಬ್ಬರು. ಆ ಹುಡುಗಿ ಒಂದು ಮಾತನ್ನೂ ಆಡದೆ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ನನ್ನ ಸ್ವಂತ ತಂಗಿಯ ಮಗಳು. ಸಂಬಂಧದೊಳಗೆ ಮದುವೆಯಾಗಲಿ ಎಂದು ಹಟ ಹಿಡಿದವನೇ ನಾನು. ಗಂಡ ಹೆಂಡತಿ ಇಬ್ಬರಲ್ಲಿಯೂ ಒಂದೇ ದೋಷದ ಅಂಶ ಅಡಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಅದು ಕಾಣಿಸಿಕೊಳ್ಳುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು, ರಕ್ತಸಂಬಂಧದಲ್ಲಿ ಹಾಗೆ ಅಡಗಿರುವ ಸಂಭವ ಹೆಚ್ಚು ಎಂದು ವೈದ್ಯರು ಚಿತ್ರ ಬರೆದು ವಿವರಿಸಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಬಸುರಿಯಲ್ಲಿ ರುಬೆಲ್ಲಾ ಎಂಬ ಸೋಂಕು ತಗಲುವುದು, ಮಗು ದಿನ ತುಂಬುವ ಮೊದಲೇ ಹುಟ್ಟುವುದು, ಹುಟ್ಟಿದ ಕೂಡಲೇ ತೀವ್ರ ಕಾಮಾಲೆಯಾಗುವುದು, ಮೆದುಳು ಜ್ವರ ಇವೂ ಕಾರಣವಾಗಬಹುದೆಂದು ಅವರೇ ತಿಳಿಸಿದರು. ಗ್ರಹಣದ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

ಸೊಸೆಯ ಮುಂದೆ ಕುಳಿತು, “ತಪ್ಪಾಯಿತು ತಂಗಿ” ಎಂದು ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಈ ಮಕ್ಕಳನ್ನು ಬೆಳೆಸುವ ತಾಯಂದಿರ ಮೇಲಿನ ಮೊದಲ ಭಾರವನ್ನು ಹಿರಿಯರಾದ ನಾವೇ ಹೊರಿಸುತ್ತೇವೆ. ಅದನ್ನು ಇಳಿಸಿದ ಮೇಲೆ ಅವಳು ನಗುವುದನ್ನು ಕಂಡೆ.

ಕೈಮಾತಿನವನು, ದಾವಣಗೆರೆ:

ನನಗೆ 26 ವರ್ಷ. ನಾನು ಕಿವುಡ, ಈ ಪದವನ್ನು ನಾನು ಬೈಗುಳವಾಗಿ ಬಳಸುತ್ತಿಲ್ಲ. ಅರಕಲಗೂಡಿನ ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ಮೌನದ ಬಗ್ಗೆ ಅವರು ಹೇಳಿದ್ದು ಸತ್ಯ, ಆದರೆ ಮಾತೆಂದರೆ ಬಾಯಿಂದ ಬರುವುದು ಮಾತ್ರ ಎಂದು ಓದುಗರು ತಿಳಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಕೈಸನ್ನೆ ಮಾಡಿದರೆ ಮಾತು ಕಲಿಯುವುದಿಲ್ಲವೆಂದು ಮನೆಯಲ್ಲಿ ನನ್ನ ಕೈಗೆ ಹೊಡೆಯುತ್ತಿದ್ದರು. ಅಪ್ಪ, ಅಮ್ಮ ಇಬ್ಬರೂ ನನ್ನನ್ನು ತುಂಬ ಪ್ರೀತಿಸಿದವರು. ಯಾರೋ ಹಾಗೆಂದಿದ್ದನ್ನು ನಂಬಿದರು. ನನ್ನಲ್ಲಿ ಉಳಿದಿದ್ದ ಕೇಳುವ ಶಕ್ತಿ ಬಹಳ ಕಡಿಮೆಯಿದ್ದುದರಿಂದ ಸಾಧನ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ನನ್ನಂಥ ಕಿವುಡರ ಹಾಸ್ಟೆಲಿಗೆ ಸೇರಿದಾಗ ಅಲ್ಲಿನ ಹುಡುಗರು ಊಟದ ಸಾಲಿನಲ್ಲಿ ನಿಂತುಕೊಂಡೇ ಕೈಸನ್ನೆಗಳಲ್ಲಿ ಜಗಳವಾಡುತ್ತಿದ್ದರು, ಕ್ರಿಕೆಟ್ ವಿಮರ್ಶಿಸುತ್ತಿದ್ದರು, ಕತೆ ಕಟ್ಟುತ್ತಿದ್ದರು. ನನ್ನ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಗುಂಪಿನ ಹರಟೆ ಪೂರ್ತಿಯಾಗಿ ಅರ್ಥವಾಗುವ ಜಾಗ ಅದಾಗಿತ್ತು.

ಹಬ್ಬದ ದಿನ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತಿರುತ್ತಾರೆ. ಚಿಕ್ಕಪ್ಪ ಏನೋ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ನಾನು ಅಕ್ಕನ ತೋಳು ತಟ್ಟಿ ಏನೆಂದು ಕೇಳುತ್ತೇನೆ. “ಆಮೇಲೆ ಹೇಳ್ತೀನಿ” ಎನ್ನುತ್ತಾಳೆ. ಆ ಆಮೇಲೆ ಎಂದೂ ಬರುವುದಿಲ್ಲ. ಈ ಒಂದು ಮಾತನ್ನು ನಾನು ಎಷ್ಟು ಸಾವಿರ ಸಲ ತುಟಿಗಳ ಮೇಲೆ ಓದಿದ್ದೇನೆಂದು ಹೇಳಲಾರೆ.

ಈ ಕೈಮಾತು, ಅಂದರೆ ಭಾರತೀಯ ಸಂಜ್ಞಾ ಭಾಷೆ, ತನ್ನದೇ ವ್ಯಾಕರಣವಿರುವ ಪೂರ್ಣ ಭಾಷೆ. 2015ರಲ್ಲಿ ದೆಹಲಿಯಲ್ಲಿ ಅದರ ಸಂಶೋಧನೆ ಮತ್ತು ತರಬೇತಿಗಾಗಿಯೇ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ಆ ಕೇಂದ್ರದ ನಿಘಂಟಿನಲ್ಲಿ ಈಗ ಹತ್ತು ಸಾವಿರಕ್ಕೂ ಹೆಚ್ಚು ಪದಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ದೇಶದಾದ್ಯಂತ ಅದನ್ನು ಪ್ರಮಾಣೀಕರಿಸುವ ಮಾತಿದೆ. ಮಗುವಿಗೆ ಮಾತನ್ನು ಕಲಿಸಿ, ಬೇಡವೆನ್ನುವುದಿಲ್ಲ. ಆದರೆ ಕೈಗಳನ್ನು ಕಟ್ಟಬೇಡಿ.

ಅರಕಲಗೂಡಿನ ತಾಯಿ:

ದಾವಣಗೆರೆಯ ತಮ್ಮ, ನಿಮ್ಮ ಬರಹವನ್ನು ಮಗನಿಗೆ ಓದಿ ಹೇಳಿದೆ. ಅವನಿಗೀಗ ಹನ್ನೆರಡು ವರ್ಷ. ಕೇಳಿ ಮುಗಿಸಿದವನು, “ನಾವೂ ಅವಳಿಗೆ ಹಂಗೇ ಹೇಳ್ತೀವಲ್ಲಮ್ಮ” ಎಂದ. ನಿಜ. ಮಗಳು ಮನೆಯಲ್ಲಿ ಒಬ್ಬೊಬ್ಬರೊಂದಿಗೆ ಚೆನ್ನಾಗಿ ಮಾತನಾಡುತ್ತಾಳೆ. ಹತ್ತು ಜನ ಸೇರಿದ ಕಡೆ ಅವಳು ಮೆಲ್ಲಗೆ ಎದ್ದು ಹಟ್ಟಿಯ ಕಡೆಗೆ ಹೋಗಿ ಕರುವಿನ ಬಳಿ ನಿಂತಿರುತ್ತಾಳೆ. ಅವಳಿಗೆ ದನಕರುವೆಂದರೆ ಪ್ರೀತಿ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಈ ಸಲ ಯುಗಾದಿಗೆ ನಾದಿನಿಯರು ಬಂದಾಗ ಒಂದು ಕಟ್ಟುಪಾಡು ಮಾಡಿಕೊಂಡೆವು: ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು, ಮಾತನಾಡುವವರು ಮೊದಲು ಕೈ ಎತ್ತಿ ಅವಳು ತಮ್ಮ ಕಡೆ ನೋಡಿದ ಮೇಲೆ ಶುರು ಮಾಡಬೇಕು. ಅರ್ಧ ಊಟದ ತನಕ ನಡೆಯಿತು, ಆಮೇಲೆ ಎಲ್ಲರೂ ಮರೆತರು. ಆದರೂ ಆ ಅರ್ಧ ಊಟದ ಹೊತ್ತು ಅವಳು ಎದ್ದು ಹೋಗಲಿಲ್ಲ. ಸಂಜ್ಞಾ ಭಾಷೆಯನ್ನು ನಾವು ಈವರೆಗೆ ಕಲಿತಿಲ್ಲ. ನಿಘಂಟಿನ ವಿಡಿಯೋಗಳನ್ನು ಅಣ್ಣ ತಂಗಿ ನಿನ್ನೆಯಿಂದ ನೋಡತೊಡಗಿದ್ದಾರೆ.

ಮಗನ ಬಗ್ಗೆಯೂ ಒಂದು ಮಾತು ಹೇಳಬೇಕು. ಐದರಿಂದ ಏಳು ವರ್ಷದವರೆಗೆ ಅವನು ತಾಯಿಯಿಲ್ಲದೆ ಬೆಳೆದ. ಒಮ್ಮೆ ರಜೆಗೆ ಬಂದಾಗ, “ನಂಗೂ ಕಿವಿ ಕೇಳ್ದಿದ್ರೆ ನೀನು ನನ್ನ ಜೊತೆ ಇರ್ತಿದ್ದೆ ಅಲ್ವಾ” ಎಂದು ಕೇಳಿದ್ದ. ಆ ಪ್ರಶ್ನೆಗೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ. ಈಗ ಪ್ರತಿ ಭಾನುವಾರ ಅವನೊಬ್ಬನನ್ನೇ ಕರೆದುಕೊಂಡು ಸಂತೆಗೆ ಹೋಗುತ್ತೇನೆ. ಬರುವಾಗ ಅವನು ಹೇಳುವುದನ್ನೆಲ್ಲ ಕೇಳುತ್ತೇನೆ.

ತುಮಕೂರಿನ ತಂದೆ:

ಶಾಲೆಯ ವಿಷಯ ಯಾರೂ ಎತ್ತಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ, ಇಷ್ಟಪಟ್ಟ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕಿದೆ. ಆದರೂ ಕಿವಿ ಕೇಳದ ನನ್ನ ಮಗನನ್ನು ಸೇರಿಸಲು ಹೋದಾಗ ಒಂದು ಶಾಲೆಯವರು, “ನಮ್ಮಲ್ಲಿ ಇಂಥವರಿಗೆ ವ್ಯವಸ್ಥೆ ಇಲ್ಲ” ಎಂದು ನಮ್ಮನ್ನು ಬಾಗಿಲಿನಿಂದಲೇ ಕಳುಹಿಸಿದರು. ಎರಡನೆಯ ಶಾಲೆಯ ಮುಖ್ಯ ಶಿಕ್ಷಕಿ ಕೇಳಿದ್ದು ಒಂದೇ ಪ್ರಶ್ನೆ: “ಅವನನ್ನು ಎಲ್ಲಿ ಕೂರಿಸಿದರೆ ಅನುಕೂಲ?” ಹಲಗೆಯ ಕಡೆ ತಿರುಗಿ ಬರೆಯುತ್ತಾ ಪಾಠ ಹೇಳಬಾರದು, ಬರೆದು ಮುಗಿಸಿ ಮಕ್ಕಳ ಕಡೆ ತಿರುಗಿ ಹೇಳಬೇಕು ಎಂಬುದನ್ನು ಅವರು ಉಳಿದ ಶಿಕ್ಷಕರಿಗೂ ರೂಢಿ ಮಾಡಿಸಿದರು. ಇನ್ನೇನು ನಿಂತಿತು ಎನ್ನುವ ಹಂತದಲ್ಲಿದ್ದ ನನ್ನ ಮಗನ ಓದು ಖರ್ಚಿಲ್ಲದ ಈ ಒಂದು ಬದಲಾವಣೆಯಿಂದ ಮೇಲೆದ್ದಿತು. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಚೀಟಿಯನ್ನು ಮಾತ್ರ ಶಾಲೆಗೆ ಸೇರಿಸುವ ಮೊದಲೇ ಮಾಡಿಸಿಟ್ಟುಕೊಳ್ಳಿ.

ಹೊಸ ತಾಯಿ, ಕೊಪ್ಪಳ ಜಿಲ್ಲೆ:

ಅಕ್ಕಾ, ನನ್ನ ಮಗಳಿಗೆ ಹದಿನಾಲ್ಕು ತಿಂಗಳು. ಮಕ್ಕಳ ಆರೋಗ್ಯ ತಪಾಸಣೆಗೆಂದು ಅಂಗನವಾಡಿಗೆ ಬಂದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಅನುಮಾನಪಟ್ಟು ಜಿಲ್ಲಾ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಮುಂದಿನ ಬುಧವಾರ ಬೇರಾ ಪರೀಕ್ಷೆಯಿದೆ. ಮಗು ಮಲಗಿರಬೇಕಂತೆ. ಹೊಸ ಜಾಗದಲ್ಲಿ ಇವಳು ಮಲಗುವುದೇ ಇಲ್ಲ. ಮನೆಯಲ್ಲಿ ಎಲ್ಲರೂ ಹೆದರಿದ್ದಾರೆ, ನಾನೂ ಹೆದರಿದ್ದೇನೆ. ಏನು ಮಾಡಬೇಕು?

ಅರಕಲಗೂಡಿನ ತಾಯಿ:

ತಂಗಿ, ಹದಿನಾಲ್ಕು ತಿಂಗಳಿಗೇ ಹೊರಟಿದ್ದೀರಿ. ನನಗಿಂತ ಒಂದು ವರ್ಷ ಮೊದಲು. ಪರೀಕ್ಷೆಯಿಂದ ಮಗುವಿಗೆ ಯಾವ ನೋವೂ ಇಲ್ಲ. ಹಣೆಗೆ ಮತ್ತು ಕಿವಿಯ ಹಿಂದೆ ಸಣ್ಣ ತಂತಿಗಳನ್ನು ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ಅದು ನರದ ಮೂಲಕ ಮೆದುಳಿನ ಬುಡದವರೆಗೆ ತಲುಪುತ್ತಿದೆಯೇ ಎಂದು ನೋಡುತ್ತಾರೆ. ಮಗು ಅಲುಗಿದರೆ ಗೆರೆಗಳು ಕೆಡುತ್ತವೆ, ಅದಕ್ಕಾಗಿಯೇ ನಿದ್ದೆ ಬೇಕು. ಅಂದು ತಲೆಗೂ ಹಣೆಗೂ ಎಣ್ಣೆ ಹಚ್ಚಬೇಡಿ, ತಂತಿ ಅಂಟುವುದಿಲ್ಲ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಬಸ್ಸಿನಲ್ಲಿ ತೂಕಡಿಸಲು ಬಿಡಬೇಡಿ; ಆಟವಾಡಿಸುತ್ತಾ ಕರೆದುಕೊಂಡು ಹೋಗಿ. ನೆಗಡಿ, ಕಿವಿ ಸೋರುವುದು ಇದ್ದರೆ ಮೊದಲೇ ತಿಳಿಸಿ. ಹೊಟ್ಟೆ ತುಂಬಿಸುವುದನ್ನು ಅಲ್ಲಿ ಹೋದ ಮೇಲೆ ಇಟ್ಟುಕೊಳ್ಳಿ. ಆದರೆ ನಿದ್ದೆಯ ಔಷಧಿ ಕೊಡುವುದಾಗಿ ಹೇಳಿದ್ದರೆ ಹಾಲು, ಊಟದ ವಿಷಯದಲ್ಲಿ ಅವರು ಹೇಳಿದ ಸಮಯವನ್ನೇ ಪಾಲಿಸಿ. ಅವಳು ಹೊದ್ದು ಮಲಗುವ ಹಳೆಯ ಸೀರೆಯ ತುಂಡನ್ನು ಮರೆಯದೆ ಒಯ್ಯಿರಿ.

ಮಲಗಿಸುವಾಗ ಎದೆಗೆ ಅವಚಿಕೊಂಡು, ನಿಮ್ಮ ಮನೆಯಲ್ಲಿ ಹಾಡುವ ಜೋಗುಳವನ್ನೇ ಹಾಡಿ. ಕೇಳುತ್ತದೆಯೋ ಇಲ್ಲವೋ ಎಂದು ಯೋಚಿಸಬೇಡಿ. ಹಾಡುವಾಗ ನಿಮ್ಮ ಎದೆಯ ಅದುರು ಅವಳಿಗೆ ತಾಗುತ್ತದೆ. ಬುಧವಾರ ಸಂಜೆ ಫಲಿತಾಂಶ ಏನೇ ಬಂದರೂ ಇಲ್ಲಿ ಬರೆಯಿರಿ. ನಾನು ನೋಡುತ್ತಿರುತ್ತೇನೆ.